ಹರಳೆಣ್ಣೆಯ ಎಂಜಿನ್, ಲಿನನ್ ಬಟ್ಟೆಯ ರೆಕ್ಕೆ

ರಾತ್ರಿಯಿಡೀ ಸುರಿದ ಮಳೆ ಡೇರೆಯ ಅಂಚಿನಿಂದ ಇನ್ನೂ ತೊಟ್ಟಿಕ್ಕುತ್ತಿದೆ. ಹುಲ್ಲುಗಾವಲಾಗಿದ್ದ ಬಯಲು ಈಗ ಬರೀ ಕೆಸರು. ಡೇರೆಯ ಬಾಯಿಂದ ಆಚೆಗೆ ಹಾಸಿದ ಮರದ ಹಲಗೆಗಳ ಮೇಲೆ ಬೂಟುಗಾಲಿನ ಹುಡುಗರು ಜಾರುತ್ತ, ಬೈದುಕೊಳ್ಳುತ್ತ, ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡು ಓಡಾಡುತ್ತಿದ್ದಾರೆ. ಬೆಳಕು ಹರಿಯುವುದಕ್ಕೆ ಇನ್ನೂ ಹೊತ್ತಿದೆ. ಪೂರ್ವ ದಿಕ್ಕಿನಲ್ಲಿ ಮಾತ್ರ ಆಗೊಮ್ಮೆ ಈಗೊಮ್ಮೆ ಆಕಾಶದ ಬುಡ ಕೆಂಪಗೆ ಮಿನುಗಿ ಆರುತ್ತದೆ. ತುಸು ಹೊತ್ತಿನ ಮೇಲೆ ಗುಡುಗಿಗಿಂತ ಭಾರವಾದ ಸದ್ದೊಂದು ನೆಲದೊಳಗಿಂದಲೇ ಬಂದು ಅಂಗಾಲಿಗೆ ತಾಗುತ್ತದೆ. ಈಪ್ರ್ ಪಟ್ಟಣದ ಆಚೆ ಹಗಲಿರುಳೂ ಬಾಯಿ ಮುಚ್ಚದ ಫಿರಂಗಿಗಳ ಸದ್ದು ಅದು. ನಾವು ನಿಂತಿರುವುದು ಫ್ರಾನ್ಸಿನ ಉತ್ತರದ ಅಂಚಿನಲ್ಲಿ, ಬೆಲ್ಜಿಯಂ ಗಡಿಗೆ ಹತ್ತಿಕೊಂಡಂತಿರುವ ಡ್ರೊಗ್ಲಾಂಟ್ ಎಂಬ ಹಳ್ಳಿಯ ಬಯಲಿನಲ್ಲಿ. 1917ರ ಅಕ್ಟೋಬರ್ ತಿಂಗಳು, ಮೊದಲ ಮಹಾಯುದ್ಧದ ಕಾಲ. ಬ್ರಿಟಿಷ್ ಸೇನೆಯ ವಿಮಾನದಳ ರಾಯಲ್ ಫ್ಲೈಯಿಂಗ್ ಕೋರ್‌ನ 28ನೇ ಸ್ಕ್ವಾಡ್ರನ್ ಇಲ್ಲಿಗೆ ಬಂದು ಇನ್ನೂ ಹೆಚ್ಚು ದಿನವಾಗಿಲ್ಲ.

ಬನ್ನಿ, ತಲೆ ತಗ್ಗಿಸಿ ಒಳಗೆ ನುಗ್ಗಿ. ಮರದ ಚೌಕಟ್ಟಿಗೆ ಕ್ಯಾನ್ವಾಸು ಬಿಗಿದ ದೊಡ್ಡ ಡೇರೆ ಇದು. ನಾಲ್ಕಾರು ವಿಮಾನಗಳು ಮೂತಿಗೆ ಮೂತಿ ತಾಗಿಸಿಕೊಂಡು ನಿಂತಿವೆ. ಲಾಂದ್ರದ ಹಳದಿ ಬೆಳಕಿನಲ್ಲಿ ಕಣ್ಣಿಗೆ ಏನೂ ಸರಿಯಾಗಿ ಕಾಣುವ ಮೊದಲೇ ಮೂಗು ಒಂದು ವಾಸನೆಯನ್ನು ಗುರುತಿಸುತ್ತದೆ. ಹರಳೆಣ್ಣೆ! ನಮ್ಮ ಕಡೆ ಎಳೆಗೂಸಿನ ನೆತ್ತಿಗೆ ತಟ್ಟುವ, ಹೊಟ್ಟೆ ಕಟ್ಟಿದವರಿಗೆ ಮೂಗು ಹಿಡಿದು ಕುಡಿಸುವ, ಉತ್ತರ ಕರ್ನಾಟಕದವರು ಔಡಲೆಣ್ಣೆ ಎನ್ನುವ ಅದೇ ಮಂದ ಎಣ್ಣೆ ಇಲ್ಲಿ ಡಬ್ಬಿಗಟ್ಟಲೆ ಸಾಲಾಗಿ ಕೂತಿದೆ. ಹುಡುಗನೊಬ್ಬ ಆಲಿಕೆ ಹಿಡಿದು ವಿಮಾನದ ಟ್ಯಾಂಕಿಗೆ ಅದನ್ನು ಸುರಿಯುತ್ತಿದ್ದಾನೆ. ಚಳಿಗೆ ಗಟ್ಟಿಯಾದ ಎಣ್ಣೆ ಅವಸರಕ್ಕೆ ಒಗ್ಗುವುದಿಲ್ಲ. ಎಳೆ ಎಳೆಯಾಗಿ ಇಳಿಯುತ್ತದೆ. ಅವನು ಕಾಯುತ್ತಾನೆ. ಬೆರಳಿಗಂಟಿದ್ದನ್ನು ಮೇಲಂಗಿಗೆ ಒರೆಸಿಕೊಳ್ಳುತ್ತಾನೆ. ಆ ಮೇಲಂಗಿಯ ಬಟ್ಟೆ ಎಣ್ಣೆ ಕುಡಿದು ಕುಡಿದು ಚರ್ಮದ ಹೊಳಪು ಪಡೆದಿದೆ.

ಆ ಎಣ್ಣೆಯನ್ನು ಬೇಡುವ ಎಂಜಿನ್ನಿನ ಹತ್ತಿರಕ್ಕೆ ಬನ್ನಿ. ಮೂತಿಯ ತಗಡಿನೊಳಗೆ ಒಂಬತ್ತು ಸಿಲಿಂಡರುಗಳು ವೃತ್ತಾಕಾರವಾಗಿ ಹರಡಿಕೊಂಡಿವೆ. ಕ್ಲೆರ್ಜೆ ಎಂಬ ಫ್ರೆಂಚ್ ಎಂಜಿನ್, 130 ಅಶ್ವಶಕ್ತಿಯದು. ಫಿಟ್ಟರ್ ಒಬ್ಬ ಪ್ರೊಪೆಲ್ಲರನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರೆ, ನೋಡಿ, ಎಂಜಿನ್ನೂ ಅದರ ಜೊತೆಗೇ ತಿರುಗುತ್ತದೆ! ನಡುವಿನ ದಂಡ ವಿಮಾನದ ಒಡಲಿಗೆ ಬಿಗಿದುಕೊಂಡು ಅಲ್ಲಾಡದೆ ನಿಂತಿದೆ. ಅದರ ಸುತ್ತ ಸಿಲಿಂಡರು, ಪಿಸ್ಟನ್ನು, ಪ್ರೊಪೆಲ್ಲರು ಎಲ್ಲವೂ ಒಟ್ಟಾಗಿ ಗಿರಗಿರ. ಹೀಗೆ ತಿರುಗುತ್ತ ತಾನೇ ಗಾಳಿ ಬೀಸಿಕೊಂಡು ತಣ್ಣಗಾಗುವುದರಿಂದ ನೀರು ಬೇಡ, ರೇಡಿಯೇಟರಿನ ಭಾರ ಬೇಡ. ಆದರೆ ಪೆಟ್ರೋಲೂ ಗಾಳಿಯೂ ಟೊಳ್ಳು ದಂಡದೊಳಗಿಂದ ಎಂಜಿನ್ನಿನ ಹೊಟ್ಟೆಗೇ ಹೋಗುವ ಏರ್ಪಾಟು ಇದರದು. ಖನಿಜ ತೈಲ ಹಾಕಿದರೆ ಪೆಟ್ರೋಲಿನಲ್ಲಿ ಕರಗಿ ತೆಳ್ಳಗಾಗಿ ಲೋಹಕ್ಕೆ ಲೋಹ ಉಜ್ಜಿಕೊಳ್ಳುತ್ತದೆ. ಹರಳೆಣ್ಣೆ ಪೆಟ್ರೋಲಿಗೆ ಸುಲಭವಾಗಿ ಬಗ್ಗುವುದಿಲ್ಲ, ಕಾದರೂ ತನ್ನ ಜಿಗುಟು ಬಿಡುವುದಿಲ್ಲ. ಅದಕ್ಕೇ ಈ ಎಣ್ಣೆಗೆ ಇಲ್ಲಿ ಇಷ್ಟು ಮಾನ. ಒಮ್ಮೆ ಒಳಗೆ ಹೋದದ್ದು ಮರಳಿ ಟ್ಯಾಂಕಿಗೆ ಬರುವಂತೆಯೂ ಇಲ್ಲ. ಗಂಟೆಗೆ ಏಳೆಂಟು ಲೀಟರ್ ಎಣ್ಣೆ ಅರ್ಧ ಸುಟ್ಟು, ಅರ್ಧ ಹಸಿಯಾಗಿಯೇ ಹೊಗೆಯ ಜೊತೆ ಹೊರಬಿದ್ದು ರೆಕ್ಕೆಗೆ, ಕನ್ನಡಕಕ್ಕೆ, ಪೈಲಟ್ಟಿನ ಮುಖಕ್ಕೆ ಸಿಡಿಯುತ್ತದೆ. ಎರಡು ಗಂಟೆ ಆ ಆವಿಯಲ್ಲಿ ಕೂತು ಬಂದವರ ಹೊಟ್ಟೆ ಕೆಡುವ ಮಾತು ಊಟದ ಮೇಜಿನ ಮಾಮೂಲು ತಮಾಷೆ.

ಅಷ್ಟು ಎಣ್ಣೆಗೆ ಬೇಕಾದ ಬೀಜದ ದೊಡ್ಡ ಪಾಲು ಹಡಗು ಹತ್ತುತ್ತಿದ್ದದ್ದು ಭಾರತದ ಬಂದರುಗಳಲ್ಲಿ. ಹೊಲದ ಬದುವಿನಲ್ಲಿ, ಮಳೆ ಕಡಿಮೆ ಬಿದ್ದ ಎರೆನೆಲದಲ್ಲಿ, ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಗಿಡ. ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ಅಲ್ಲಿನ ಸರ್ಕಾರ ಭಾರತದಿಂದ ಬೀಜ ತರಿಸಿ ಫ್ಲಾರಿಡಾದಂಥ ಕಡೆ ರೈತರ ಕೈಲಿ ಹರಳು ಬೆಳೆಸುವಷ್ಟರ ಮಟ್ಟಿಗೆ ಆ ಎಣ್ಣೆಗೆ ತತ್ವಾರವಾಯಿತು.

ಎಂಜಿನ್ನಿನ ಹಿಂದಕ್ಕೆ ಹೋದರೆ ಅಲ್ಲಿಂದಾಚೆ ಬಡಗಿಯ, ದರ್ಜಿಯ ರಾಜ್ಯ. ಉದ್ದುದ್ದದ ತೊಲೆಗಳು ಆಶ್ ಮರದ್ದು. ರೆಕ್ಕೆಯೊಳಗಿನ ಅಡ್ಡಪಟ್ಟಿಗಳು ಸ್ಪ್ರೂಸ್ ಮರದ್ದು. ನೇರವಾದ ಎಳೆ, ಗಂಟಿಲ್ಲದ ಮೈ, ಕಡಿಮೆ ತೂಕ ಇರುವ ಈ ಮರಕ್ಕಾಗಿ ಅಮೆರಿಕದ ಪಶ್ಚಿಮ ಕರಾವಳಿಯ ಓರೆಗಾನ್, ವಾಷಿಂಗ್ಟನ್ ಕಾಡುಗಳಿಗೆ ಸೈನಿಕರನ್ನೇ ಕೊಡಲಿ ಕೊಟ್ಟು ಕಳಿಸುವ ಕಾಲ ಅದು. ಮರದ ಅಸ್ಥಿಪಂಜರದ ಮೇಲೆ ಐರ್ಲೆಂಡಿನ ಲಿನನ್, ಅಂದರೆ ಅಗಸೆ ನಾರಿನ ಬಟ್ಟೆ. ರೆಕ್ಕೆಯೊಂದನ್ನು ಈಗತಾನೇ ದುರಸ್ತಿ ಮಾಡಿ ಮೇಜಿನ ಮೇಲೆ ಒರಗಿಸಿದ್ದಾರೆ, ಬಾಗಿ ನೋಡಿ. ಉದ್ದನೆಯ ಸೂಜಿ ಮೇಲಿನ ಬಟ್ಟೆಯಿಂದ ಕೆಳಗಿಳಿದು, ಒಳಗಿನ ಮರದ ಪಕ್ಕೆಲುಬನ್ನು ಬಳಸಿ, ಮತ್ತೆ ಮೇಲೆ ಬಂದಿದೆ. ಪ್ರತಿ ಹೊಲಿಗೆಗೂ ಒಂದು ಗಂಟು. ಒಂದೇ ದಾರವನ್ನು ಗಂಟಿಲ್ಲದೆ ಎಳೆದುಕೊಂಡು ಹೋಗಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು, ಆದರೆ ಗುಂಡೊಂದು ಎಲ್ಲೋ ಒಂದು ಕಡೆ ದಾರ ಕಡಿದರೆ ರೆಕ್ಕೆಯ ಉದ್ದಕ್ಕೂ ಹೊಲಿಗೆ ಬಿಚ್ಚಿಕೊಂಡು ಬಟ್ಟೆ ಹಾರಿಹೋಗುತ್ತಿತ್ತು. ಈಗ ಕಡಿದದ್ದು ಕಡಿದಷ್ಟೇ. ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಸಾಲಾಗಿ ಕೂತು ಹೀಗೆ ಗಂಟು ಹಾಕುತ್ತಿದ್ದವರಲ್ಲಿ ಬಹಳ ಮಂದಿ ಹೆಂಗಸರು.

ಹೊಲಿದಾದ ಮೇಲೆ ಡೋಪು. ಬಕೆಟ್ಟಿನಲ್ಲಿರುವ ಈ ದ್ರಾವಣವನ್ನು ಅಗಲದ ಬ್ರಷ್ಷಿನಿಂದ ಬಳಿದರೆ ಬಟ್ಟೆ ಕುಗ್ಗಿ, ಬೆಂಕಿಗೆ ಕಾಯಿಸಿದ ತಮಟೆಯ ಹಾಗೆ ಬಿಗಿಯುತ್ತದೆ. ಬೆರಳಿನಿಂದ ತಟ್ಟಿದರೆ ಡಬ್ ಎನ್ನುತ್ತದೆ. ಅದರ ವಾಸನೆ ಸಿಹಿ ಸಿಹಿ, ಸ್ವಲ್ಪ ಹೊತ್ತು ಮೂಸಿದರೆ ತಲೆ ತಿರುಗುವಂಥದ್ದು. ಯುದ್ಧದ ಮೊದಲ ವರ್ಷಗಳಲ್ಲಿ ಡೋಪಿಗೆ ಬೆರೆಸುತ್ತಿದ್ದ ಟೆಟ್ರಾಕ್ಲೋರೋಈಥೇನ್ ಎಂಬ ರಾಸಾಯನಿಕ ಕಾರ್ಖಾನೆಯ ಕೆಲಸಗಾರರ ಯಕೃತ್ತನ್ನೇ ತಿಂದಿತು. ಕಾಮಾಲೆಯಾಗಿ ಹಲವರು ಸತ್ತರು. ಆಮೇಲಷ್ಟೇ ಅದನ್ನು ಬಿಟ್ಟು ಬೇರೆ ಬೆರಕೆ ಹುಡುಕಿದರು. ಶತ್ರುವಿನ ಮುಖವನ್ನೇ ಕಾಣದೆ, ವಿಮಾನವನ್ನು ಏರದೆ, ವಿಮಾನಯುದ್ಧದಲ್ಲಿ ಸತ್ತವರು ಅವರು.

ಅತ್ತ ಮೂಲೆಯಲ್ಲಿ ರಿಗ್ಗರ್ ಒಬ್ಬ ನಿನ್ನೆಯ ಗುಂಡಿನ ತೂತುಗಳಿಗೆ ತೇಪೆ ಹಾಕುತ್ತಿದ್ದಾನೆ. ಚೌಕಾಕಾರದ ಲಿನನ್ ತುಂಡಿನ ನಾಲ್ಕೂ ಅಂಚಿನ ಎಳೆಗಳನ್ನು ಬೇಕೆಂತಲೇ ಬಿಡಿಸಿ ಜಾಲರಿ ಮಾಡಿಕೊಂಡು, ಡೋಪು ಸವರಿ ಅಂಟಿಸುತ್ತಾನೆ. ಬಿಡಿ ಎಳೆಗಳಿದ್ದರೆ ಅಂಚು ಗಾಳಿಗೆ ಏಳುವುದಿಲ್ಲ. ಅಂಟಿಸಿದ ಮೇಲೆ ಹೆಬ್ಬೆರಳಿನಿಂದ ನಡುವಿನಿಂದ ಹೊರಕ್ಕೆ ಒತ್ತಿ ಒತ್ತಿ ಗಾಳಿ ಓಡಿಸುತ್ತಾನೆ. ಮುಗಿಯಿತೆಂದು ಎದ್ದವನು ಎರಡು ರೆಕ್ಕೆಗಳ ನಡುವಿನ ತಂತಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟುತ್ತ, ಕಿವಿಗೊಟ್ಟು, ಸಡಿಲವಿದ್ದಲ್ಲಿ ತಿರುಪು ಬಿಗಿಯುತ್ತ ಹೋಗುತ್ತಾನೆ. ಈ ತಂತಿಗಳ ಎಳೆತದಲ್ಲೇ ವಿಮಾನದ ಆಕಾರ ನಿಂತಿದೆ. ಅವನ ಕಿವಿ ತಪ್ಪಿದರೆ ಮೇಲೆ ಹೋದವನ ಪ್ರಾಣಕ್ಕೆ ಸಂಚಕಾರ.

ಈ ವಿಮಾನದ ಹೆಸರು ಸಾಪ್‌ವಿತ್ ಕ್ಯಾಮಲ್. ಎರಡು ಮೆಷಿನ್‌ಗನ್ನುಗಳ ಹಿಂಬದಿಯನ್ನು ಮುಚ್ಚಿದ ತಗಡು ಡುಬ್ಬದಂತೆ ಉಬ್ಬಿರುವುದರಿಂದ ಹುಡುಗರು ಇಟ್ಟ ಅಡ್ಡಹೆಸರು, ಅದೇ ಉಳಿಯಿತು. ಮೂತಿಯಿಂದ ಬಾಲದವರೆಗೆ ಆರು ಮೀಟರಿಗೂ ಕಡಿಮೆ. ಎಣ್ಣೆ, ಪೆಟ್ರೋಲು, ಗುಂಡು, ಮನುಷ್ಯ ಎಲ್ಲ ಸೇರಿದರೂ ತೂಕ ಆರುನೂರೈವತ್ತು ಕಿಲೋ ಆಸುಪಾಸು. ಎಂಜಿನ್, ಗನ್ನು, ಪೈಲಟ್, ಟ್ಯಾಂಕು ಎಲ್ಲವೂ ಮುಂಭಾಗದ ಒಂದೆರಡು ಮಾರು ಜಾಗದಲ್ಲಿ ಒತ್ತೊತ್ತಾಗಿ ತುಂಬಿಕೊಂಡಿವೆ. ತಿರುಗುವ ಎಂಜಿನ್ನಿನ ಸೆಳೆತ ಬೇರೆ. ಬಲಕ್ಕೆ ಹೊರಳಿದರೆ ಕಣ್ಣುಮಿಟುಕಿಸುವಷ್ಟರಲ್ಲಿ ಹೊರಳಿ ಮೂತಿ ಕೆಳಗಿಕ್ಕುತ್ತದೆ. ಎಡಕ್ಕೆ ಹೊರಳಿದರೆ ಮೂತಿ ಎತ್ತುತ್ತದೆ. ಪಳಗಿದವನ ಕೈಯಲ್ಲಿ ಇದೇ ಗುಣ ಶತ್ರುವಿಗೆ ಯಮ, ಹೊಸಬನ ಕೈಯಲ್ಲಿ ಅವನಿಗೇ ಯಮ. ಯುದ್ಧ ಮುಗಿದ ಮೇಲೆ ಲೆಕ್ಕ ಹಾಕಿದಾಗ ಕಾದಾಟದಲ್ಲಿ ಸತ್ತ ಕ್ಯಾಮಲ್ ಪೈಲಟ್‌ಗಳು 413 ಮಂದಿ. ಶತ್ರುವಿಲ್ಲದೆಯೇ, ತರಬೇತಿಯಲ್ಲಿ, ಅಪಘಾತದಲ್ಲಿ ಸತ್ತವರು 385 ಮಂದಿ ಎಂದು ತೇಲಿತು.

ಪೂರ್ವ ಬೆಳ್ಳಗಾಗುತ್ತಿದೆ. ಮೇಜಿನ ಮುಂದೆ ಕೂತ ಪೈಲಟ್‌ಗಳಲ್ಲಿ ಒಬ್ಬ ಗುಂಡಿನ ಸರದಿಂದ ಒಂದೊಂದೇ ತೋಟಾವನ್ನು ಬಿಡಿಸಿ ಅಳತೆಯ ಕೊಳವೆಗೆ ಇಳಿಬಿಟ್ಟು ನೋಡುತ್ತಿದ್ದಾನೆ. ಕೂದಲೆಳೆಯಷ್ಟು ಉಬ್ಬಿದ ತೋಟಾ ಇದ್ದರೂ ಗನ್ನು ನಡುವೆಯೇ ಕಚ್ಚಿಕೊಳ್ಳುತ್ತದೆ. ಹತ್ತು ಸಾವಿರ ಅಡಿಯ ಮೇಲೆ, ಮರಗಟ್ಟಿದ ಬೆರಳಿನಲ್ಲಿ, ಹಿಂದೊಬ್ಬ ಅಟ್ಟಿಸಿಕೊಂಡು ಬರುತ್ತಿರುವಾಗ ಅದನ್ನು ಸುತ್ತಿಗೆಯಿಂದ ಬಡಿದು ಬಿಡಿಸಬೇಕು. ಗನ್ನಿನ ಗುಂಡು ಹಾಯುವುದು ತಿರುಗುವ ಪ್ರೊಪೆಲ್ಲರಿನ ನಡುವಿನಿಂದಲೇ. ಅಲಗು ಅಡ್ಡ ಬಂದ ಕ್ಷಣ ಗುಂಡನ್ನು ತಡೆಯುವ ಗೇರನ್ನು 1915ರಲ್ಲಿ ಜರ್ಮನ್ನರು ಫಾಕರ್ ವಿಮಾನಕ್ಕೆ ಹೂಡಿದಂದಿನಿಂದ ವಿಮಾನವೇ ಬಂದೂಕಾಯಿತು. ಎತ್ತ ಮೂತಿಯೋ ಅತ್ತ ಗುರಿ.

ಅವರ ಮುಖಗಳು ಮಿರಮಿರ ಹೊಳೆಯುತ್ತಿವೆ. ಚಳಿಗೆ ಚರ್ಮ ಸತ್ತುಹೋಗದಿರಲೆಂದು ತಿಮಿಂಗಿಲದ ಎಣ್ಣೆ ಸವರಿಕೊಂಡಿದ್ದಾರೆ. ತೊಡೆಯವರೆಗೆ ತುಪ್ಪಳದ ಬೂಟು, ಕೋಟಿನ ಮೇಲೆ ಕೋಟು. ಪ್ಯಾರಾಶೂಟು ಮಾತ್ರ ಯಾರಿಗೂ ಇಲ್ಲ. ಬಲೂನಿನಲ್ಲಿ ಕೂತು ದುರ್ಬೀನು ಹಿಡಿಯುವವರಿಗೆ ಕೊಟ್ಟದ್ದನ್ನು ಬ್ರಿಟಿಷ್ ವಿಮಾನದವರಿಗೆ ಯುದ್ಧ ಮುಗಿಯುವವರೆಗೂ ಕೊಡಲಿಲ್ಲ. ಅವರ ನಡುವೆ ಒಬ್ಬನ ಶಿರಸ್ತ್ರಾಣ ಉಳಿದವರದಕ್ಕಿಂತ ಬಹಳ ದೊಡ್ಡದು. ಪಗಡಿಯ ಮೇಲೆ ಕೂರುವಂತೆ ಹೇಳಿ ಹೊಲಿಸಿದ್ದು. ರಾವಲ್ಪಿಂಡಿಯ ಹರ್ದಿತ್ ಸಿಂಗ್ ಮಲಿಕ್, ವಯಸ್ಸು ಇಪ್ಪತ್ತೆರಡು. ಆಕ್ಸ್‌ಫರ್ಡಿನಲ್ಲಿ ಓದಿದವರು, ಸಸೆಕ್ಸ್ ಪರವಾಗಿ ಕ್ರಿಕೆಟ್ ಆಡಿದವರು. ಬ್ರಿಟಿಷ್ ವಾಯುಪಡೆ ಕರಿಯ ಮೈಬಣ್ಣದವರಿಗೆ ಬಾಗಿಲು ತೆರೆಯದಿದ್ದಾಗ ಫ್ರೆಂಚರ ರೆಡ್‌ಕ್ರಾಸಿನಲ್ಲಿ ಆಂಬುಲೆನ್ಸ್ ಓಡಿಸಿಕೊಂಡಿದ್ದು, ಆಮೇಲೆ ಪಟ್ಟು ಹಿಡಿದು ಒಳಗೆ ಬಂದವರು.

ಕೈಗಳೆಲ್ಲ ಸೇರಿ ವಿಮಾನಗಳನ್ನು ಹಲಗೆಯ ಮೇಲೆ ಹೊರಕ್ಕೆ ನೂಕುತ್ತವೆ. ಗಾಲಿಯ ಮುಂದೆ ಮರದ ಅಡ್ಡಗಟ್ಟಿ, ರೆಕ್ಕೆಯ ತುದಿಗೊಬ್ಬ, ಬಾಲಕ್ಕೊಬ್ಬ. "ಸ್ವಿಚ್ ಆಫ್, ಪೆಟ್ರೋಲ್ ಆನ್" ಎಂದು ಪ್ರೊಪೆಲ್ಲರಿನ ಬಳಿ ನಿಂತವನು ಕೂಗಿದರೆ ಒಳಗಿನಿಂದ ಅದೇ ಮಾತು ಮರುಕೂಗಾಗಿ ಬರುತ್ತದೆ. ಪ್ರೊಪೆಲ್ಲರನ್ನು ನಾಲ್ಕು ಸುತ್ತು ತಿರುಗಿಸಿ ಎಂಜಿನ್ನಿಗೆ ಪೆಟ್ರೋಲು ಹೀರಿಸುತ್ತಾನೆ. "ಕಾಂಟ್ಯಾಕ್ಟ್!" ಒಂದು ಕಾಲೆತ್ತಿ, ಇಡೀ ಮೈಭಾರ ಹಾಕಿ ಅಲಗನ್ನು ಕೆಳಕ್ಕೆಳೆದು ಹಿಂದಕ್ಕೆ ಜಿಗಿಯುತ್ತಾನೆ. ಕೆಮ್ಮು, ಬೂದುನೀಲಿ ಹೊಗೆ, ಮತ್ತೊಂದು ಕೆಮ್ಮು. ಆಮೇಲೆ ಒಂದೇ ಸಮನೆ ಹರಿಯುವ ಬಿರುಸಿನ ಗರಗರ. ಹುಲ್ಲು ಮಲಗುತ್ತದೆ, ಕೆಸರು ಹಾರುತ್ತದೆ, ಬಯಲೆಲ್ಲ ಹರಳೆಣ್ಣೆ. ಕೈ ಬೀಸಿದೊಡನೆ ಅಡ್ಡಗಟ್ಟಿ ಎಳೆಯುತ್ತಾರೆ. ಒಂದರ ಹಿಂದೊಂದು ಕ್ಯಾಮಲ್ಲುಗಳು ಕೆಸರಿನಿಂದ ಕಾಲು ಕಿತ್ತುಕೊಂಡು ಏರಿ, ಬೇಲಿಸಾಲಿನ ಮರಗಳನ್ನು ದಾಟಿ ಪೂರ್ವಕ್ಕೆ ತಿರುಗುತ್ತವೆ.

ಅತ್ತ ಮೇಲೆ ಅವರ ಕೆಲಸವೇನೆಂದರೆ, ತಮಗಿಂತ ನಿಧಾನವಾದ ಬೇರೆ ವಿಮಾನಗಳನ್ನು ಕಾಯುವುದು ಮತ್ತು ಶತ್ರುವಿನ ಅಂಥವನ್ನೇ ಹೊಡೆಯುವುದು. ಫಿರಂಗಿಯ ಗುಂಡು ಎಲ್ಲಿ ಬಿತ್ತೆಂದು ಮೇಲಿನಿಂದ ನೋಡಿ, ಮೋರ್ಸ್ ಸಂಕೇತದಲ್ಲಿ "ಇನ್ನಷ್ಟು ಎಡಕ್ಕೆ, ಇನ್ನಷ್ಟು ಮುಂದಕ್ಕೆ" ಎಂದು ಕಟಕಟಿಸುವ ಎರಡಾಸನದ ಆರ್.ಇ.8ಗಳು ಅಲ್ಲಿ ಎಂಟರ ಆಕಾರದಲ್ಲಿ ಸುತ್ತುತ್ತಿರುತ್ತವೆ. ಕಂದಕಗಳ ಫೋಟೊ ತೆಗೆಯುವವೂ ಅವೇ. 1914ರಲ್ಲಿ ಬ್ರಿಟಿಷರು ಫ್ರಾನ್ಸಿಗೆ ಅರುವತ್ತಷ್ಟು ವಿಮಾನ ತಂದಾಗ ಅವುಗಳಿಗಿದ್ದದ್ದು ನೋಡಿ ಬಂದು ಹೇಳುವ ಕೆಲಸವೊಂದೇ. ನೋಡುವ ಕಣ್ಣನ್ನು ಕುರುಡು ಮಾಡಲು ಇನ್ನೊಬ್ಬ ಬಂದೂಕು ತಂದ. ಅವನನ್ನು ತಡೆಯಲು ಮತ್ತೊಬ್ಬ ಮೆಷಿನ್‌ಗನ್ ತಂದ. ನಾಲ್ಕು ವರ್ಷದ ಕೊನೆಗೆ ಬ್ರಿಟಿಷ್ ವಾಯುಪಡೆಯೊಂದರಲ್ಲೇ ಇಪ್ಪತ್ತೆರಡು ಸಾವಿರದಷ್ಟು ವಿಮಾನ, ಎರಡೂ ಮುಕ್ಕಾಲು ಲಕ್ಷ ದಾಟಿದ ಸಿಬ್ಬಂದಿ. ಒಂದು ವಿಮಾನಕ್ಕೆ ಎಷ್ಟು ಮಂದಿ ಎಂದು ನೀವೇ ಭಾಗಿಸಿಕೊಳ್ಳಿ. ಅವರಲ್ಲಿ ಏರುವವನು ಒಬ್ಬನೋ ಇಬ್ಬರೋ.

ಕೆಳಗಿನವರಿಗೆ ಈಗ ಬಿಡುವು, ಚಹಾ, ಸಿಗರೇಟು, ಮತ್ತು ಕಿವಿ ಆಕಾಶದ ಕಡೆಗೆ. ಕ್ಯಾಮಲ್ಲಿನ ಟ್ಯಾಂಕಿನಲ್ಲಿರುವುದು ಎರಡೂವರೆ ಗಂಟೆಯ ಪೆಟ್ರೋಲು. ಇಳಿಯುವಾಗ ಪೈಲಟ್ ಕೋಲಿನ ಮೇಲಿನ ಗುಂಡಿ ಒತ್ತಿ ಎಂಜಿನ್ನಿನ ಕಿಡಿಯನ್ನು ತಡೆತಡೆದು ಬಿಡುವುದರಿಂದ ಬರ್ರ್, ನಿಶ್ಶಬ್ದ, ಬರ್ರ್ ಎಂಬ ಬಿಕ್ಕಿನ ಸದ್ದು ದೂರದಿಂದಲೇ ಕೇಳುತ್ತದೆ. ಎಣಿಕೆ ಬೆರಳಿನಲ್ಲೇ ನಡೆಯುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅಕ್ಟೋಬರ್ 26ರಂದು ಹೀಗೆ ಹೊರಟ ಮಲಿಕ್ ಈ ಬಯಲಿಗೆ ಮರಳಲಿಲ್ಲ. ಪ್ಯಾಶೆಂಡೇಲ್ ದಿಬ್ಬದ ಮೇಲೆ ಮಳೆಯಲ್ಲೇ ದಾಳಿ ನಡೆದಿತ್ತು. ಕೆನಡಾದ ವಿಲಿಯಂ ಬಾರ್ಕರ್ ಎಂಬ ಕಟ್ಟಾಳಿನ ಜೊತೆ ಮೋಡದ ಅಡಿಯಲ್ಲಿ ಶತ್ರುವಿನ ನೆಲದೊಳಕ್ಕೆ ನುಗ್ಗಿದವರು ಜರ್ಮನ್ ವಿಮಾನಗಳ ಹಿಂಡಿಗೆ ಸಿಕ್ಕರು. ಕಾಲಿಗೆ ಎರಡು ಗುಂಡು, ಟ್ಯಾಂಕಿಗೆ ತೂತು. ಸೋರುವ ಪೆಟ್ರೋಲಿಗೆ ಯಾವ ಗಳಿಗೆಯಲ್ಲಿ ಕಿಡಿ ತಾಗುತ್ತದೋ ಎಂದುಕೊಂಡೇ ತಮ್ಮವರ ನೆಲದವರೆಗೆ ತಂದು ಕೆಡವಿದರು. ವಿಮಾನದ ಮೈಯಲ್ಲಿ ನಾನೂರಕ್ಕೂ ಹೆಚ್ಚು ತೂತುಗಳಿದ್ದವಂತೆ. ಅಷ್ಟು ಕಡಿತವಾದರೂ ಹೊಲಿಗೆ ಬಿಚ್ಚಲಿಲ್ಲ, ತೊಲೆ ಮುರಿಯಲಿಲ್ಲ. ಗಾಯ ಮಾಗಿ ಮತ್ತೆ ಕ್ಯಾಮಲ್ ಏರಿದಾಗ ಹರಳೆಣ್ಣೆಯ ಆವಿಯೇ ಅವರ ಮೈಗೆ ಒಗ್ಗದೆ, ನೀರಿನಿಂದ ತಣಿಯುವ ರೋಲ್ಸ್‌ರಾಯ್ಸ್ ಎಂಜಿನ್ನಿನ ಬ್ರಿಸ್ಟಲ್ ಫೈಟರಿಗೆ ಬದಲಾಯಿಸಬೇಕಾಯಿತು! ಮುಂದೆ ಅವರು ಸ್ವತಂತ್ರ ಭಾರತದ ರಾಯಭಾರಿಯಾಗಿ ಅದೇ ಫ್ರಾನ್ಸಿಗೆ ಬಂದರು; 1985ರಲ್ಲಿ ತೀರಿಕೊಂಡಾಗಲೂ ಜರ್ಮನ್ ಗುಂಡುಗಳು ಕಾಲಿನಲ್ಲೇ ಇದ್ದವು. ಕಲ್ಕತ್ತೆಯ ಇಂದ್ರಲಾಲ್ ರಾಯ್‌ಗೆ ಅಷ್ಟು ಆಯಸ್ಸಿರಲಿಲ್ಲ. 1918ರ ಜುಲೈಯಲ್ಲಿ ಹದಿಮೂರು ದಿನದಲ್ಲಿ ಹತ್ತು ವಿಮಾನ ಕೆಡವಿ, ಹತ್ತೊಂಬತ್ತರ ಹರೆಯದಲ್ಲೇ ಹೋದರು.

ಇಪ್ಪತ್ತೈದು ವರ್ಷ ದಾಟಿ ಇನ್ನೊಂದು ಯುದ್ಧಕ್ಕೆ, ಇನ್ನೊಂದು ಊರಿಗೆ ಬನ್ನಿ. ಬೆಂಗಳೂರಿನ ಪೂರ್ವಕ್ಕೆ ರಾಗಿ ಹೊಲಗಳ ಆಚೆ ಬೆಳ್ಳಂದೂರು ಕೆರೆ. ಕ್ಯಾಟಲಿನಾ ಎಂಬ ಕಡಲವಿಮಾನವೊಂದು ತಗ್ಗಿ ಬಂದು ದೋಣಿಯಂಥ ಹೊಟ್ಟೆಯನ್ನು ನೀರಿಗೆ ಸವರಿ, ಎರಡೂ ಕಡೆ ಬಿಳಿ ನೊರೆ ಎಬ್ಬಿಸಿ ನಿಲ್ಲುತ್ತದೆ. ಅಲ್ಲಿಂದ ದಡಕ್ಕೆಳೆದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಸಾಗಿಸುತ್ತಾರೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರವನ್ನು ಜೊತೆ ಮಾಡಿಕೊಂಡು 1940ರ ಡಿಸೆಂಬರ್ 23ರಂದು ಹುಟ್ಟುಹಾಕಿದ ಕಂಪನಿ ಅದು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಸಂಸ್ಥಾನವೇ ಏಳುನೂರು ಎಕರೆ ಜಾಗ ಕೊಟ್ಟಿತು. ಹಾರ್ಲೊ ತರಬೇತಿ ವಿಮಾನ, ಕರ್ಟಿಸ್ ಹಾಕ್ ಕಾದಾಟದ ವಿಮಾನ ಜೋಡಿಸುತ್ತಿದ್ದ ಕಾರ್ಖಾನೆ, ಜಪಾನೀಯರು ಬರ್ಮಾ ದಾಟಿ ಬಾಗಿಲಿಗೆ ಬಂದಾಗ ದುರಸ್ತಿಯ ದೊಡ್ಡ ಆಸ್ಪತ್ರೆಯಾಯಿತು. 1943ರಿಂದ ಅಮೆರಿಕದ ವಾಯುಪಡೆ ಇಲ್ಲೇ ತನ್ನ 84ನೇ ಏರ್ ಡಿಪೊ ನಡೆಸಿತು.

ಈ ಹ್ಯಾಂಗರಿನಲ್ಲಿ ಲಿನನ್ನಿನ ಸುಳಿವು ಕಡಿಮೆ, ಡೋಪಿನ ಸಿಹಿಯೂ ಅಪರೂಪ. ಅಲ್ಯೂಮಿನಿಯಂ ತಗಡಿಗೆ ರಿವೆಟ್ ಬಡಿಯುವ ಸದ್ದು ಹಲ್ಲಿಗೆ ತಾಗುತ್ತದೆ; ಹೊರಗಿನಿಂದ ಒಬ್ಬ ರಿವೆಟ್ ಗನ್ನು ಒತ್ತಿದರೆ ಒಳಗಿನಿಂದ ಇನ್ನೊಬ್ಬ ಕಬ್ಬಿಣದ ಗಟ್ಟಿ ಕೊಟ್ಟು ಹಿಡಿಯಬೇಕು, ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಕ್ಯಾಟಲಿನಾದ ಟ್ವಿನ್ ವಾಸ್ಪ್ ಎಂಜಿನ್ನಿನಲ್ಲೂ ಸಿಲಿಂಡರುಗಳು ವೃತ್ತಾಕಾರವೇ, ಆದರೆ ಅವು ನಿಂತಿವೆ, ದಂಡ ತಿರುಗುತ್ತದೆ. ಎಣ್ಣೆ ಖನಿಜದ್ದು, ಒಂದೊಂದು ಎಂಜಿನ್ನಿನ ಶಕ್ತಿ 1,200 ಅಶ್ವಶಕ್ತಿ. ಕ್ಲೆರ್ಜೆಯಂಥ ಒಂಬತ್ತು ಎಂಜಿನ್ ಕಟ್ಟಿದರೂ ಅದರ ಆಸುಪಾಸಿಗೆ ಬಂದೀತು, ಅಷ್ಟೆ.

ಅದೇ ಟ್ವಿನ್ ವಾಸ್ಪ್ ನಾಲ್ಕನ್ನು ಹೊತ್ತ ಬಾಂಬರು ಲಿಬರೇಟರ್. ಮಿಷಿಗನ್ನಿನ ವಿಲ್ಲೊ ರನ್‌ನಲ್ಲಿ ಫೋರ್ಡ್ ಕಂಪನಿ ಗಂಟೆಗೊಂದರಂತೆ ಹೊರತಂದದ್ದೂ ಸೇರಿ ಒಟ್ಟು 18,000ಕ್ಕೂ ಹೆಚ್ಚು ಲಿಬರೇಟರುಗಳು ತಯಾರಾದವು. ಯುದ್ಧ ಮುಗಿದದ್ದೇ ತಡ ಬಹುಪಾಲು ಗುಜರಿಗೆ ಹೋದವು. ಭಾರತದಲ್ಲಿ ಉಳಿದವನ್ನು ಕಾನ್ಪುರದ ಬಯಲಿನಲ್ಲಿ ನಿಲ್ಲಿಸಿ, ಮುಂದೆ ಯಾರಿಗೂ ಉಪಯೋಗಕ್ಕೆ ಬಾರದಂತೆ ಜಖಂ ಮಾಡಿ, ಎಂಜಿನ್ನಿಗೆ ಮರಳು ಸುರಿದು, ಉಪಕರಣ ಒಡೆದು ಬಿಟ್ಟುಹೋಗಿದ್ದರು. 1948ರಲ್ಲಿ ದೇಶಕ್ಕೆ ಬಾಂಬರು ಬೇಕಾಯಿತು, ಕೊಳ್ಳಲು ಹಣವಿರಲಿಲ್ಲ. ಬೆಂಗಳೂರಿನ ಕಾರ್ಖಾನೆಯ ಮಂದಿ ಕಾನ್ಪುರಕ್ಕೆ ಹೋಗಿ ಆ ರಾಶಿಯಲ್ಲಿ ಇದರ ರೆಕ್ಕೆ, ಅದರ ಚಕ್ರ, ಇನ್ನೊಂದರ ಎಂಜಿನ್ ಹುಡುಕಿ, ಹಾರಿದರೆ ಸಾಕೆನ್ನುವಷ್ಟಕ್ಕೆ ಜೋಡಿಸಿದರು. ಕಾರ್ಖಾನೆಯ ಪೈಲಟ್ ಜಮ್‌ಶೆಡ್ ಕೈಕೋಬಾದ್ ಮುನ್ಶಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಪೂರ್ತಿ ಬಿಚ್ಚಿ ಕಟ್ಟಿದ ಮೇಲೆ ನಲವತ್ತರಷ್ಟು ಲಿಬರೇಟರುಗಳು ಭಾರತೀಯ ವಾಯುಪಡೆ ಸೇರಿ 1968ರವರೆಗೆ ಹಾರಿದವು.

ಕೆಟ್ಟದ್ದನ್ನು ಸರಿಮಾಡುವವರ ಹೆಸರು ವಿಮಾನಯುದ್ಧದ ಪುಸ್ತಕಗಳಲ್ಲಿ ಸಿಗುವುದು ಕಷ್ಟ. ಅಲ್ಲಿ ಎಣಿಸುವುದು ಯಾರು ಎಷ್ಟು ಕೆಡವಿದರೆಂದು. ಹದಿನೆಂಟು ಸಾವಿರದಲ್ಲಿ ಈಗ ಜಗತ್ತಿನಲ್ಲಿ ಇಡಿಯಾಗಿ ಉಳಿದಿರುವ ಲಿಬರೇಟರುಗಳು ಬೆರಳೆಣಿಕೆಯಷ್ಟು. ಲಂಡನ್ನಿನ ವಾಯುಪಡೆ ಮ್ಯೂಸಿಯಂನಲ್ಲಿರುವುದೂ ಸೇರಿ ಅವುಗಳಲ್ಲಿ ಹಲವು ಬೆಂಗಳೂರಿನಲ್ಲಿ ಮರುಜನ್ಮ ಪಡೆದು ಭಾರತದಲ್ಲಿ ದುಡಿದವು. ತಯಾರಿಸಿದ ದೇಶವೂ ಅವನ್ನು ಇಲ್ಲಿಂದಲೇ ಕೇಳಿ ಪಡೆಯಬೇಕಾಯಿತು.